ಗುಡುಗುವ ಹೊಗೆ

ಡೇವಿಡ್ ಲಿವಿಂಗ್‌ಸ್ಟನ್ ಅವರು 1813ರಲ್ಲಿ ಸ್ಕಾಟ್ಲೆಂಡಿನ ಬಡ ಕುಟುಂಬದಲ್ಲಿ ಜನಿಸಿದರು. ಹತ್ತನೆಯ ವಯಸ್ಸಿಗೇ ಹತ್ತಿ ಗಿರಣಿಗೆ ಸೇರಿ, ಯಂತ್ರದ ಮೇಲೆ ಪುಸ್ತಕ ತೆರೆದಿಟ್ಟು ಓದಿದರು. ಮುಂದೆ ವೈದ್ಯರೂ ಕ್ರೈಸ್ತ ಧರ್ಮಪ್ರಚಾರಕರೂ ಆಗಿ 1841ರಲ್ಲಿ ಆಫ್ರಿಕಾಕ್ಕೆ ಬಂದರು.

ಅಲ್ಲಿ ಸಿಂಹವೊಂದು ಅವರ ಎಡತೋಳಿನ ಮೂಳೆ ಮುರಿಯಿತು. ಆದರೂ ಅವರು ಕಾಡು ಬಿಡಲಿಲ್ಲ. ಗುಡಾರ ಹಾಕಿ, ಬೆಂಕಿಯ ಬಳಿ ಮಲಗಿ, ಕಂಡದ್ದನ್ನೆಲ್ಲ ಬರೆದಿಟ್ಟರು. ಮಂಗಟ್ಟೆ ಜಾತಿಯ ಹಕ್ಕಿಯೊಂದು ಅವರಿಗೆ ಅಚ್ಚರಿ ತಂದಿತು. ಹೆಣ್ಣು ಮರದ ಪೊಟರೆಯೊಳಗೆ ಕಾವಿಗೆ ಕೂರುತ್ತದೆ. ಪೊಟರೆಯ ಬಾಯಿಗೆ ಮಣ್ಣು ಮೆತ್ತಿ ಸಣ್ಣ ಕಿಂಡಿ ಉಳಿಸಿರುತ್ತದೆ. ಗಂಡು ಅದರಲ್ಲೇ ಆಹಾರ ಕೊಡುತ್ತದೆ. ಪಾಪ, ಮರಿಗಳು ಬೆಳೆಯುವಷ್ಟರಲ್ಲಿ ಅದು ಸೊರಗಿಹೋಗುತ್ತದೆ!

1855ರ ನವೆಂಬರಿನಲ್ಲಿ ಅವರು ಜಾಂಬೆಜಿ ನದಿಯಲ್ಲಿ ದೋಣಿಯೇರಿ ಹೋಗುತ್ತಿದ್ದರು. ದೂರದಲ್ಲಿ ಐದು ಹೊಗೆಯ ಕಂಬಗಳು ಕಂಡವು. ಹತ್ತಿರ ಹೋದರೆ ಅದು ಹೊಗೆಯಲ್ಲ, ನೀರಿನ ತುಂತುರು! ಇಡೀ ನದಿ ಬಂಡೆಯ ಬಿರುಕಿನೊಳಗೆ ಧುಮುಕುತ್ತಿತ್ತು. ಅಲ್ಲಿಯ ಜನರಿಗೆ ಅದು ಮೊದಲೇ ಗೊತ್ತಿತ್ತು. ಅವರು ಅದನ್ನು ಮೊಸಿ-ಓ-ತುನ್ಯ, ಅಂದರೆ ಗುಡುಗುವ ಹೊಗೆ ಎನ್ನುತ್ತಿದ್ದರು. ಲಿವಿಂಗ್‌ಸ್ಟನ್ ತಮ್ಮ ರಾಣಿ ವಿಕ್ಟೋರಿಯಾಳ ಹೆಸರಿಟ್ಟರು.

ಮನುಷ್ಯರನ್ನು ಹಿಡಿದು ಮಾರುವುದನ್ನು ಅವರು ಕಣ್ಣಾರೆ ಕಂಡು, ಅದರ ವಿರುದ್ಧ ಬರೆದರು. 1873ರಲ್ಲಿ ಈಗಿನ ಜಾಂಬಿಯಾದ ಹಳ್ಳಿಯೊಂದರಲ್ಲಿ ತೀರಿಕೊಂಡರು. ಜೊತೆಗಾರರಾದ ಸೂಸಿ, ಚೂಮಾ ಮೊದಲಾದವರು ಅವರ ಹೃದಯವನ್ನು ಅಲ್ಲೇ ಮರದಡಿ ಹೂಳಿದರು. ದೇಹವನ್ನು ಒಣಗಿಸಿ, ತಿಂಗಳುಗಟ್ಟಲೆ ಹೊತ್ತು ನಡೆದು ಕಡಲತೀರಕ್ಕೆ ತಂದರು.