ಗಂಗಾಮೂಲದ ರಮಾಬಾಯಿ

ಈ ವರ್ಷ ಸಮಾಜಶಾಸ್ತ್ರದ ತರಗತಿಯಲ್ಲಿ ಹೆಣ್ಣುಮಕ್ಕಳ ಜನನಾಂಗ ಛೇದನದ ಪ್ರಸ್ತಾಪ ಬಂದಾಗ ನಾವೆಲ್ಲ ತಲೆ ತಗ್ಗಿಸಿ ಕುಳಿತಿದ್ದೆವು. ಆಫ್ರಿಕದ ಹಲವು ದೇಶಗಳಲ್ಲಿ ಈ ಪದ್ಧತಿಯಿದೆ. ನಮ್ಮ ದೇಶದ ದಾವೂದಿ ಬೋಹ್ರಾ ಸಮುದಾಯದಲ್ಲಿಯೂ ಖತ್ನಾ ಎಂಬ ಹೆಸರಿನಿಂದ ಇದೆ. ಇದಕ್ಕೆ ಗುರಿಯಾಗಿ ಬದುಕಿರುವವರು 23 ಕೋಟಿಗೂ ಮಿಕ್ಕಿ ಎಂದು ಯುನಿಸೆಫ್ 2024ರಲ್ಲಿ ಲೆಕ್ಕ ಕೊಟ್ಟಿತು. ಗಾಯ ಮಾಸಿದರೂ ಭಯ, ಕೆಟ್ಟ ಕನಸು, ಖಿನ್ನತೆ ಎಷ್ಟೋ ಮಂದಿಯನ್ನು ಬಿಡುವುದಿಲ್ಲ. ಹಲವೆಡೆ ಮಗುವನ್ನು ಕರೆದೊಯ್ಯುವವರು ತಾಯಿ, ಅಜ್ಜಿಯರೇ. ಯಾರ ಮಡಿಲಿಗೆ ಓಡಬೇಕಾಗಿತ್ತೋ ಅವರೇ ಹಿಡಿದುಕೊಂಡರೆ ಮಗು ಯಾರೊಡನೆ ಅಳಬೇಕು? ಹಿರಿಯರೂ ಕ್ರೂರಿಗಳಲ್ಲ, ಮಾಡಿಸದಿದ್ದರೆ ಹುಡುಗಿಗೆ ಮದುವೆಯಾಗದು, ಜನ ಆಡಿಕೊಳ್ಳುತ್ತಾರೆ ಎಂಬ ಅಂಜಿಕೆ ಅವರದು.

ಇದೆಲ್ಲ ಎಲ್ಲಿಯದೋ ಮಾತು ಎಂದು ಗೆಳತಿಯೊಬ್ಬಳು ಹೇಳಿದಳು. ನನಗೆ ಹಾಗೆನಿಸಲಿಲ್ಲ. ಐವರ್ನಾಡಿನ ನಮ್ಮ ಮನೆಯಲ್ಲಿ ಅಜ್ಜಿ ಹೇಳಿದ ಸಂಗತಿಯೊಂದು ನೆನಪಿಗೆ ಬಂತು. ಚಿಕ್ಕಂದಿನಲ್ಲಿ ಅವರು ಅಡಿಕೆ ಸುಲಿಯಲು ಹೋಗುತ್ತಿದ್ದ ಮನೆಯಲ್ಲಿ, ಕೆಂಪು ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡ ಮುದುಕಿಯೊಬ್ಬರಿದ್ದರಂತೆ. ಕ್ಷೌರಿಕ ಬರುವ ದಿನ ಹಿತ್ತಿಲ ಕಡೆ ಹೋದವರು ಕತ್ತಲಾಗುವವರೆಗೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹತ್ತು ವರ್ಷ ತುಂಬುವುದರೊಳಗೆ ಗಂಡನನ್ನು ಕಳಕೊಂಡವರು ಅವರು. ಮೊದಲ ಸಲ ತಲೆ ಬೋಳಿಸಿದಾಗ ಕೈ ಹಿಡಿದು ಕೂರಿಸಿದವರು ಹೆತ್ತ ತಾಯಿ. ಕೂದಲು ಮತ್ತೆ ಬೆಳೆಯುತ್ತದೆ, ಕೊಯ್ದ ಅಂಗ ಬೆಳೆಯದು; ಎರಡೂ ಸಮ ಎನ್ನುವ ಧಾರ್ಷ್ಟ್ಯ ನನಗಿಲ್ಲ. ಆದರೆ ಹುಡುಗಿಯ ಮನಸ್ಸಿಗೆ ಹೆದರಿ ಅವಳ ಮೈಮೇಲೆ ಕತ್ತಿಯಾಡಿಸುವ ಬುದ್ಧಿ ಒಂದೇ. ಆ ಬುದ್ಧಿಯೊಡನೆ ಹೋರಾಡಿದಾಕೆಯೊಬ್ಬಳು ನಮ್ಮ ಘಟ್ಟದಲ್ಲೇ ಹುಟ್ಟಿದವಳೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು.

ಪಂಡಿತಾ ರಮಾಬಾಯಿ 1858ರ ಏಪ್ರಿಲ್ 23ರಂದು, ತುಂಗಾ ಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಜನಿಸಿದರು. ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯ ಮಾಳದವರು, ಚಿತ್ಪಾವನ ಬ್ರಾಹ್ಮಣರು. ಪೇಶ್ವೆಯ ಮನೆಯಲ್ಲಿ ತಮ್ಮ ಗುರುಗಳು ರಾಣಿಗೆ ಸಂಸ್ಕೃತ ಕಲಿಸುವುದನ್ನು ಕಂಡ ಅವರಿಗೆ ತಮ್ಮ ಹೆಂಡತಿಗೂ ಕಲಿಸಬೇಕೆಂಬ ಹಂಬಲ ಹುಟ್ಟಿತು. ಹೆಣ್ಣಿಗೆ ಸಂಸ್ಕೃತವೇ ಎಂದು ಬಂಧುಗಳು ಎದುರು ನಿಂತಾಗ ಕಾಡು ಸೇರಿ, ಅಲ್ಲಿಯೇ ಮನೆ ಕಟ್ಟಿ, ಹೆಂಡತಿ ಲಕ್ಷ್ಮೀಬಾಯಿಗೆ ಪಾಠ ಹೇಳಿದರು. ಇಂಥವರೂ ನಾಲ್ವತ್ತು ದಾಟಿದ ಮೇಲೆ ಒಂಬತ್ತು ವರ್ಷದ ಹುಡುಗಿಯನ್ನು ಮದುವೆಯಾದವರೇ ಎಂಬುದನ್ನು ಮರೆಯಬಾರದು. ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ಆ ಮನೆ ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಮಗುವನ್ನು ಬುಟ್ಟಿಯಲ್ಲಿ ಹೊತ್ತು ಘಟ್ಟ ಇಳಿದರು. ತಾಯಿಯೇ ಮಗಳಿಗೆ ಸಂಸ್ಕೃತ ಕಲಿಸಿದರು. ಮುಂದೆ ಕ್ಷಾಮದ ದಿನಗಳಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು.

ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ಸೇರಿದಾಗ ಅಲ್ಲಿಯ ವಿದ್ವಾಂಸರು ಆಕೆಗೆ ಪಂಡಿತೆ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ಬೇರೆ ಜಾತಿಯ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ವರಿಸಿದರು. 1882ರ ಫೆಬ್ರವರಿಯಲ್ಲಿ ಕಾಲರಾದಿಂದ ಗಂಡ ತೀರಿಕೊಂಡಾಗ ಮಗಳು ಮನೋರಮೆಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಹಂಟರ್ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳಿಗೆ ಶಿಕ್ಷಕಿಯರು, ವೈದ್ಯೆಯರು ಬೇಕೆಂದು ವಾದಿಸಿದರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ಕ್ರೈಸ್ತರಾದರು. ಅಲ್ಲಿಂದ ಅಮೆರಿಕಕ್ಕೆ ಹೋಗಿ, ಮೇಲ್ಜಾತಿಯ ಹಿಂದೂ ಸ್ತ್ರೀಯ ಬಗೆಗೆ 1887ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ವಿಧವೆಯ ತಲೆಯನ್ನು ಹದಿನೈದು ದಿನಕ್ಕೊಮ್ಮೆ ಬೋಳಿಸುವುದು, ಒಪ್ಪೊತ್ತಿನ ಊಟ, ಶುಭಕಾರ್ಯಗಳಿಂದ ದೂರವಿಡುವುದು ಎಲ್ಲವೂ ಅದರಲ್ಲಿವೆ. ಅದಕ್ಕಿಂತಲೂ ನನ್ನನ್ನು ಕಲಕಿದುದು ಬೇರೆ. ಗಂಡನೆಂದರೇನೆಂದೇ ಅರಿಯದ ಮಗುವಿನ ಮೇಲೆ ಅವನ ಸಾವಿನ ಹೊಣೆ ಬೀಳುತ್ತದೆ; ಇದು ಹಿಂದಿನ ಜನ್ಮದ ಪಾಪದ ಫಲ ಎಂದು ಎಲ್ಲರೂ ಹೇಳುತ್ತಾರೆ. ನಮ್ಮೂರ ಆ ಮುದುಕಿಯೂ ತಾನು ಪಾಪಿಯೆಂದೇ ನಂಬಿದ್ದರೆಂದು ಅಜ್ಜಿ ಹೇಳುತ್ತಾರೆ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ರಮಾಬಾಯಿ ಶಾರದಾ ಸದನವನ್ನು ತೆರೆದರು. ಅಲ್ಲಿಗೆ ಬಂದ ಮೊದಲ ವಿಧವೆ ಗೋದೂಬಾಯಿ. ಆಕೆಯನ್ನೇ 1893ರಲ್ಲಿ ಕರ್ವೆಯವರು ಮದುವೆಯಾದರು. 1890ರಲ್ಲಿ ಮುಂಬಯಿಯ ಕ್ಷೌರಿಕರೂ ಲೋಖಂಡೆಯವರ ಮುಂದಾಳುತನದಲ್ಲಿ ಸೇರಿ, ವಿಧವೆಯರ ತಲೆ ಬೋಳಿಸೆವೆಂದು ಪಟ್ಟು ಹಿಡಿದರು. ಕತ್ತಿ ಹಿಡಿದವರಿಗೂ ಮನಸ್ಸು ನೊಂದಿತ್ತೆಂದು ಇದರಿಂದ ತಿಳಿಯುತ್ತದೆ.

ಪುಣೆಗೆ ಬಂದ ಸದನದ ಮೇಲೆ 1893ರಲ್ಲಿ ಬಿರುಗಾಳಿ ಎದ್ದಿತು. ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಯಲ್ಲಿ ಸೇರುತ್ತಾರೆ, ಮತ ಬದಲಿಸುತ್ತಾರೆ ಎಂದು ಗುಲ್ಲಾಯಿತು. ರಾನಡೆ, ಭಂಡಾರ್‌ಕರರಂಥ ಹಿತೈಷಿಗಳೂ ಸಲಹಾ ಸಮಿತಿಯನ್ನು ಬಿಟ್ಟರು. ಪೋಷಕರು ಬಂದು ಸುಮಾರು 25 ಹುಡುಗಿಯರನ್ನು ಕರೆದೊಯ್ದರು. ಮತಭೇದದ ಮಾತು ಬಂದ ಕಡೆ ಹಿರಿಯರ ಆತಂಕಕ್ಕೂ ಕಾರಣವಿತ್ತು, ರಮಾಬಾಯಿಯವರ ನಿಷ್ಠೆಯೂ ಸುಳ್ಳಲ್ಲ. ಆದರೆ ವಾಪಸು ಹೋದ ಆ ಹುಡುಗಿಯರು ಯಾವ ಮೂಲೆಗೆ ಹೋದರು? ಅವರ ಹೆಸರೂ ನಾನು ಓದಿದ ಪುಟಗಳಲ್ಲಿ ಇಲ್ಲ. ಈ ಕಥೆಯಲ್ಲಿ ನನ್ನ ಮನಸ್ಸು ನಿಂತುಹೋಗುವುದು ಇಲ್ಲಿಯೇ.

ಮುಂದೆ ಕೇಡಗಾಂವದಲ್ಲಿ ಮುಕ್ತಿ ಎಂಬ ಆಶ್ರಮ ಬೆಳೆಯಿತು. 1896ರ ಬರಗಾಲದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ, ಅನಾಥ ಹುಡುಗಿಯರನ್ನು ರಮಾಬಾಯಿ ಕರೆತಂದರು. ತಾಯಿಯ ನೆರವಿನಿಂದ ಮನೋರಮೆ ನಮ್ಮ ಗುಲ್ಬರ್ಗಾದಲ್ಲಿ ಶಾಲೆ ತೆರೆದಳು. 1921ರಲ್ಲಿ ಮಗಳು, 1922ರ ಏಪ್ರಿಲ್ 5ರಂದು ತಾಯಿ ಕಣ್ಮುಚ್ಚಿದರು.

ಇದನ್ನು ಬರೆದು ಅಜ್ಜಿಗೆ ಓದಿ ಹೇಳಿದೆ. ಅವರಿಗೆ ಅಕ್ಷರ ಬಾರದು. ಮಾಳಕ್ಕೆ ಇಲ್ಲಿಂದ ಬಸ್ಸಿದೆಯೇ ಎಂದು ಕೇಳಿದರು. ಬರುವ ರಜೆಯಲ್ಲಿ ಇಬ್ಬರೂ ಹೋಗಿಬರುವುದೆಂದು ಮಾತಾಗಿದೆ.