ಕಲೆಯನ್ನೇ ಕಾಯಕವಾಗಿಸಿಕೊಂಡ ಗುಬ್ಬಿ ವೀರಣ್ಣ

ಮಕ್ಕಳ ಭವಿಷ್ಯದ ಚಿಂತೆಯನ್ನು ಹೊತ್ತು ಗುರುಮನೆಯ ಬಾಗಿಲಿಗೆ ಬರುವ ತಂದೆತಾಯಂದಿರು ಹಲವರು. ವೈದ್ಯನಾಗುತ್ತೇನೆ, ಎಂಜಿನಿಯರ್ ಆಗುತ್ತೇನೆ ಎನ್ನುವ ಮಗುವಿನ ಬಗ್ಗೆ ಅವರಿಗೆ ದುಗುಡವಿಲ್ಲ. ನಟನಾಗುತ್ತೇನೆ ಎನ್ನುವ ಮಗುವಿನ ಬಗ್ಗೆ ಮಾತ್ರ ಕಳವಳ. ನಾಟಕ, ಧಾರಾವಾಹಿಗಳ ಗೀಳು ಹಿಡಿದವರ ಬಾಳು ಹಸನಾಗುವುದುಂಟೇ, ಅದು ಮರ್ಯಾದಸ್ಥರ ವೃತ್ತಿಯೇ ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಗೆ ಉಪದೇಶದಿಂದ ಉತ್ತರ ಕೊಡುವುದಕ್ಕಿಂತ ಒಬ್ಬ ನಟನ ಬಾಳನ್ನೇ ಓದುಗರ ಮುಂದಿಡುವುದು ಲೇಸೆಂದು ನಮಗೆ ತೋರಿತು. ಆ ನಟರೇ ನಾಟಕರತ್ನ ಗುಬ್ಬಿ ವೀರಣ್ಣನವರು.

ಇಂದು ನಟನೆಂದರೆ ನಮ್ಮ ಮಕ್ಕಳ ಕಣ್ಣಿಗೆ ಕಟ್ಟುವುದು ಟಿ.ವಿ. ಪರದೆ. ನಮ್ಮ ಭಾಗಕ್ಕೆ ಅದು ಬಂದ ಬಗೆಯೂ ಸ್ವಾರಸ್ಯಕರವಾದುದು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಶೈಕ್ಷಣಿಕ ಪ್ರಸಾರದ ಪ್ರಯೋಗವೊಂದು ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಲಾದವು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ನಮ್ಮ ಗುರುಮಠಕಲ್ ಆಗ ಗುಲ್ಬರ್ಗಾ ಜಿಲ್ಲೆಗೆ ಸೇರಿತ್ತು. ಹೀಗೆ ರಾಜಧಾನಿ ಬೆಂಗಳೂರಿಗಿಂತ ಮೊದಲೇ ನಮ್ಮ ಜಿಲ್ಲೆಯ ಹಳ್ಳಿಗಳ ಜನರು ಒಂದೆಡೆ ಕುಳಿತು ಟಿ.ವಿ. ನೋಡುವಂತಾಯಿತು. ಆದರೆ ಜನರು ಒಂದೆಡೆ ಕುಳಿತು ನಗುವುದನ್ನೂ ಅಳುವುದನ್ನೂ ಕಲಿತದ್ದು ಆ ಪೆಟ್ಟಿಗೆಯ ಮುಂದೆ ಅಲ್ಲ. ಅದಕ್ಕೂ ಬಹು ಮೊದಲು ಬಯಲಾಟದ ಕಟ್ಟೆಯ ಮುಂದೆ, ಕಂಪನಿ ನಾಟಕದ ಪರದೆಯ ಮುಂದೆ ಅವರು ಅದನ್ನು ಕಲಿತಿದ್ದರು. ಆ ಪರದೆಯ ಹಿಂದೆ ಬಾಳನ್ನೆಲ್ಲ ಸವೆಸಿದವರಲ್ಲಿ ವೀರಣ್ಣನವರು ಅಗ್ರಗಣ್ಯರು.

ಅವರು ಜನಿಸಿದ್ದು 1891ರಲ್ಲಿ, ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ. ಆ ಊರಿನ ಉತ್ಸಾಹಿಗಳು ತಮ್ಮ ಆರಾಧ್ಯದೈವವಾದ ಚನ್ನಬಸವೇಶ್ವರನ ಹೆಸರಿನಲ್ಲಿ 1884ರಲ್ಲಿಯೇ ನಾಟಕ ಸಂಘವೊಂದನ್ನು ಕಟ್ಟಿದ್ದರು. ಇನ್ನೂ ಹಾಲುಗಲ್ಲದ ಬಾಲಕನಾಗಿದ್ದಾಗಲೇ ವೀರಣ್ಣ ಆ ಸಂಘವನ್ನು ಸೇರಿದರು. ರಂಗಭೂಮಿಯೇ ಅವರಿಗೆ ಪಾಠಶಾಲೆಯಾಯಿತು. ಬಾಲಪಾತ್ರಗಳಿಂದ ಮೊದಲ್ಗೊಂಡು, ಹಾಡು, ಮಾತು, ಹಾಸ್ಯ, ವೇಷಗಾರಿಕೆ ಇವೆಲ್ಲವನ್ನೂ ಕೈವಶ ಮಾಡಿಕೊಳ್ಳುತ್ತ ಬೆಳೆದರು. 1917ರಲ್ಲಿ ಕಂಪನಿಯ ಒಡೆತನದ ಹೊಣೆಯೇ ಅವರ ಹೆಗಲಿಗೆ ಬಂದಿತು. ಅಂದಿನಿಂದ ಗುಬ್ಬಿ ಎಂಬ ಊರಿನ ಹೆಸರೂ ವೀರಣ್ಣ ಎಂಬ ವ್ಯಕ್ತಿಯ ಹೆಸರೂ ಒಂದಾಗಿ ಹೋದವು.

ಅವರು ಮೂಲತಃ ಹಾಸ್ಯನಟರು. 'ಸದಾರಮೆ' ನಾಟಕದ ಕಳ್ಳನ ಪಾತ್ರ ಅವರಿಗೆ ಅಪಾರ ಕೀರ್ತಿಯನ್ನು ತಂದಿತು. ನಾಯಕನ ಪಾತ್ರಕ್ಕಿಂತ ಕಳ್ಳನ ಪಾತ್ರವನ್ನು ನೋಡಲೆಂದೇ ಜನರು ಕಿಕ್ಕಿರಿದು ನೆರೆಯುತ್ತಿದ್ದರು. ಹಾಸ್ಯದಿಂದ ಗಳಿಸಿದ ಜನಪ್ರೀತಿಯನ್ನು ಅವರು ರಂಗಭೂಮಿಯ ಏಳಿಗೆಗೇ ಮರಳಿ ಸುರಿದರು. 1934ರಲ್ಲಿ 'ಕುರುಕ್ಷೇತ್ರ' ನಾಟಕವನ್ನು ಪ್ರಯೋಗಿಸಿದಾಗ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ನಾಡನ್ನು ಬೆರಗುಗೊಳಿಸಿದರು. ಅದಕ್ಕಿಂತಲೂ ದೊಡ್ಡ ಸಾಹಸವೆಂದರೆ, ಗಂಡಸರೇ ಸೀರೆಯುಟ್ಟು ಸ್ತ್ರೀಪಾತ್ರ ವಹಿಸುತ್ತಿದ್ದ ಕಾಲದಲ್ಲಿ ಅವರು ಸ್ತ್ರೀಯರನ್ನು ರಂಗಕ್ಕೆ ಕರೆತಂದದ್ದು. ರಂಗವನ್ನೇರಿದ ಹೆಣ್ಣನ್ನು ಸಮಾಜ ಹಗುರವಾಗಿ ಕಾಣುತ್ತಿದ್ದ ದಿನಗಳವು. ಅವರ ಪತ್ನಿ ಬಿ. ಜಯಮ್ಮನವರು ನಾಟಕ, ಚಲನಚಿತ್ರಗಳೆರಡರಲ್ಲೂ ಗಣ್ಯ ನಟಿಯೆನಿಸಿದರು.

ಚಲನಚಿತ್ರವು ನಾಟಕದ ವೈರಿಯೆಂದು ಹಲವು ಕಂಪನಿಗಳು ಕೈಕಟ್ಟಿ ಕುಳಿತಾಗ ವೀರಣ್ಣನವರು ಅದನ್ನು ತಮ್ಮನೆಂದು ಬರಮಾಡಿಕೊಂಡರು. ಮೂಕಚಿತ್ರಗಳ ಕಾಲದಲ್ಲಿಯೇ ಆ ಕ್ಷೇತ್ರಕ್ಕೆ ಕಾಲಿಟ್ಟರು. 1935ರಲ್ಲಿ 'ಸದಾರಮೆ', 1942ರಲ್ಲಿ 'ಜೀವನ ನಾಟಕ' ತೆರೆಗೆ ಬಂದವು. 1954ರಲ್ಲಿ ಅವರ ಸಂಸ್ಥೆಯ ಆಶ್ರಯದಲ್ಲಿ, ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ ಹೊರಬಂದ 'ಬೇಡರ ಕಣ್ಣಪ್ಪ' ಚಿತ್ರದಿಂದಲೇ ರಾಜಕುಮಾರ್ ಎಂಬ ನಾಯಕನಟ ಕನ್ನಡಕ್ಕೆ ದೊರೆತರು. ರಾಜಕುಮಾರರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರಾಗಿದ್ದವರು. ಮಗನೂ ಆ ನೆರಳಿನಲ್ಲೇ ಬೆಳೆದವರು. ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಮೊದಲಾದವರೂ ಅದೇ ಅಂಗಳದಲ್ಲಿ ಪಳಗಿದವರು. ಬಾಲ್ಯದಲ್ಲಿ ಮನೆ ಬಿಟ್ಟು ಬಂದು ಕಂಪನಿ ಸೇರಿದ ಬಿ.ವಿ. ಕಾರಂತರನ್ನು ವೀರಣ್ಣನವರು ನಟನನ್ನಾಗಿಸಿ ತಮ್ಮ ಬಳಿಯೇ ಉಳಿಸಿಕೊಳ್ಳಲಿಲ್ಲ. ಉನ್ನತ ವ್ಯಾಸಂಗಕ್ಕೆಂದು ಕಾಶಿಗೆ ಕಳುಹಿಸಿದರು. ಮುಂದೆ ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. ತನಗೆ ಉಪಯೋಗವಾಗಬಲ್ಲ ಹುಡುಗನನ್ನು ಅವನ ಒಳಿತಿಗಾಗಿ ಬಿಟ್ಟುಕೊಡುವುದು ಎಲ್ಲ ಯಜಮಾನರಿಂದ ಆಗುವ ಮಾತಲ್ಲ.

ಇಲ್ಲಿ ನಾವು ಕ್ಷಣಕಾಲ ನಿಂತು ಯೋಚಿಸಬೇಕು. ಗುರುವಿದ್ಯಾಮಂದಿರದಲ್ಲಿ ನಾವು ತತ್ತ್ವಶಾಸ್ತ್ರ ಓದುತ್ತಿದ್ದಾಗ ನಟನ ಮೇಲಿನ ಆರೋಪಗಳನ್ನು ಬೇಕಾದಷ್ಟು ಓದಿದ್ದೆವು. ಪ್ಲೇಟೋ ತನ್ನ ಆದರ್ಶ ರಾಜ್ಯದಲ್ಲಿ ಅನುಕರಣೆಯ ಕಲೆಗೆ ಸುಲಭವಾಗಿ ಎಡೆಗೊಡಲಿಲ್ಲ. ಸಂತ ಆಗಸ್ಟೀನರು ತಮ್ಮ ಆತ್ಮಕಥೆಯಲ್ಲಿ, ಕಾರ್ತೇಜಿನ ರಂಗಮಂದಿರದಲ್ಲಿ ಕಲ್ಪಿತ ದುಃಖಕ್ಕೆ ಕಣ್ಣೀರಿಟ್ಟ ತಮ್ಮ ಯೌವನವನ್ನು ನೆನೆದು ಪರಿತಪಿಸಿದರು. ಫ್ರಾನ್ಸಿನಲ್ಲಿ 1673ರಲ್ಲಿ ಮಹಾನಟ ಮೋಲಿಯೇರ್ ತೀರಿಕೊಂಡಾಗ ಅವನಿಗೆ ಕ್ರೈಸ್ತ ಸಮಾಧಿಯನ್ನು ನಿರಾಕರಿಸಿದವರು ಒಂದು ಧರ್ಮಕೇಂದ್ರದ ಗುರುಗಳೇ. ಅರಸನು ನಡುವೆ ಬಂದ ಮೇಲಷ್ಟೇ, ರಾತ್ರಿಯ ಹೊತ್ತು ಆಡಂಬರವಿಲ್ಲದೆ ಮಣ್ಣುಮಾಡಲು ಅಪ್ಪಣೆ ದೊರೆಯಿತು. ನಮ್ಮ ವೃತ್ತಿಬಾಂಧವರೊಬ್ಬರ ಈ ಕಾಠಿಣ್ಯವನ್ನು ಓದುವಾಗ ನಮಗೆ ಇಂದಿಗೂ ತಲೆತಗ್ಗುತ್ತದೆ.

ಕಾಲ ಬದಲಾಯಿತು, ಧರ್ಮಸಭೆಯ ದೃಷ್ಟಿಯೂ ಪಕ್ವವಾಯಿತು. ಎರಡನೇ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಸಿನಿಮಾ, ಟಿ.ವಿ. ಮೊದಲಾದ ಮಾಧ್ಯಮಗಳ ಕುರಿತೇ ಒಂದು ಆಜ್ಞಾಪತ್ರವನ್ನು ಹೊರಡಿಸಿತು. ಜಗದ್ಗುರು ಎರಡನೇ ಜಾನ್ ಪಾಲರು ಯುವಕರಾಗಿದ್ದಾಗ, ಜರ್ಮನರ ಹಿಡಿತದಲ್ಲಿದ್ದ ಪೋಲೆಂಡಿನಲ್ಲಿ, ಗುಟ್ಟಾಗಿ ನಾಟಕವಾಡುತ್ತಿದ್ದ ತಂಡವೊಂದರ ನಟರಾಗಿದ್ದರು. 1999ರಲ್ಲಿ ಅವರು ಲೋಕದ ಕಲಾವಿದರಿಗೆಲ್ಲ ಪತ್ರ ಬರೆದು ಅವರ ಕರೆಯ ಘನತೆಯನ್ನು ಸಾರಿದರು. ಅಭಿನಯವೆಂದರೆ ಸುಳ್ಳಲ್ಲ. ಸುಳ್ಳುಗಾರನು ಮೋಸಗೊಳಿಸಲು ವೇಷ ಧರಿಸುತ್ತಾನೆ. ನಟನು ವೇಷವೆಂದು ಎಲ್ಲರಿಗೂ ತಿಳಿಸಿಯೇ ಸತ್ಯವನ್ನು ತೋರಿಸುತ್ತಾನೆ. ರಂಗದ ಕಳ್ಳನನ್ನು ಕಂಡು ನಕ್ಕವನು ತನ್ನೊಳಗಿನ ಕಳ್ಳನನ್ನೂ ಒಮ್ಮೆ ಗುರುತಿಸಿಕೊಂಡು ಮನೆಗೆ ಹೋಗುತ್ತಾನೆ. ಒಳ್ಳೆಯ ಪಾಪನಿವೇದನೆಗೆ ಇದಕ್ಕಿಂತ ಉತ್ತಮ ಪೂರ್ವಸಿದ್ಧತೆ ಯಾವುದು?

ವೀರಣ್ಣನವರನ್ನು ಸಂತರೆಂದು ಬಣ್ಣಿಸುವ ಉದ್ದೇಶ ನಮ್ಮದಲ್ಲ. ಅವರಿಗೆ ಒಂದಕ್ಕಿಂತ ಹೆಚ್ಚು ವಿವಾಹಗಳಾಗಿದ್ದವು. ಅವರ ಸಂಸಾರದ ರೀತಿ ನಮ್ಮ ಧರ್ಮಸಭೆ ಬೋಧಿಸುವ ರೀತಿಯಾಗಿರಲಿಲ್ಲ. ಆದರೂ ಅವರ ಬಾಳಿನಲ್ಲಿ ನಾವು ಕಲಿಯಬೇಕಾದುದು ಹೇರಳವಾಗಿದೆ. ಕಂಪನಿಯೆಂದರೆ ಬರಿಯ ಬಣ್ಣ, ಬೆಳಕುಗಳಲ್ಲ. ನಟರು, ಹಾಡುಗಾರರು, ಪರದೆ ಎಳೆಯುವವರು, ಅಡುಗೆಯವರು, ಅವರ ಮಡದಿ ಮಕ್ಕಳು ಎಲ್ಲರಿಗೂ ದಿನದಿನವೂ ಅನ್ನವಾಗಬೇಕು. ಮಳೆ ಬಂದು ಆಟ ನಿಂತ ದಿನವೂ ಒಲೆ ಉರಿಯಬೇಕು. ಊರಿಂದೂರಿಗೆ ಆ ಸಂಸಾರವನ್ನು ಸಾಗಿಸುತ್ತ ದಶಕಗಳ ಕಾಲ ಮುನ್ನಡೆಸಿದ ಶ್ರಮ ಚಪ್ಪಾಳೆಯ ಆಸೆಯೊಂದರಿಂದಲೇ ಸಾಧ್ಯವಾಗುವಂಥದಲ್ಲ. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು 'ಕಲೆಯೇ ಕಾಯಕ'. ಶರಣರ ನಾಡಿನವರಾದ ನಮಗೆ ಕಾಯಕ ಎಂಬ ಮಾತಿನ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಶುಭಸಂದೇಶದ ತಲೆಂತುಗಳ ಸಾಮತಿಯಲ್ಲಿ, ಒಡೆಯನು ಕೊಟ್ಟುದನ್ನು ಮಣ್ಣಿನಲ್ಲಿ ಹೂತಿಡದೆ ದುಡಿಸಿ ಬೆಳೆಸಿದ ಸೇವಕನು ಮೆಚ್ಚುಗೆಗೆ ಪಾತ್ರನಾದುದನ್ನು ನಾವೆಲ್ಲ ಬಲ್ಲೆವು.

1972ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಅದೇ ವರ್ಷ ಅಕ್ಟೋಬರ್ 18ರಂದು, ಎಂಬತ್ತರ ಗಡಿ ದಾಟಿದ ಆ ಹಿರಿಯ ಜೀವ ಇಹಲೋಕದ ರಂಗವನ್ನು ತೊರೆಯಿತು. ಅದಕ್ಕೆ ಹದಿನಾರು ದಿನಗಳ ಹಿಂದೆಯಷ್ಟೇ ಮುಂಬಯಿಯಲ್ಲಿ ಟಿ.ವಿ. ಕೇಂದ್ರ ಆರಂಭವಾಗಿತ್ತು. ಒಂದು ಯುಗದ ಪರದೆ ಇಳಿಯುತ್ತಿದ್ದಂತೆ ಇನ್ನೊಂದರ ಪರದೆ ಮೇಲೇರುತ್ತಿತ್ತು. ಅವರ ಮಗಳು ಜಿ.ವಿ. ಮಾಲತಮ್ಮ, ಮೊಮ್ಮಗಳು ಬಿ. ಜಯಶ್ರೀ ಅದೇ ಕಾಯಕವನ್ನು ಮುಂದುವರಿಸಿದರು. ಜಯಶ್ರೀಯವರಿಗೂ 2013ರಲ್ಲಿ ಪದ್ಮಶ್ರೀ ಸಂದಿತು. ರಂಗಭೂಮಿಯ ಸಾಧಕರಿಗೆ ರಾಜ್ಯ ಸರ್ಕಾರ ಕೊಡುವ ಪ್ರಶಸ್ತಿಯೊಂದು ಇಂದು ವೀರಣ್ಣನವರ ಹೆಸರನ್ನೇ ಹೊತ್ತಿದೆ.

ಇನ್ನು ತಂದೆತಾಯಂದಿರ ಪ್ರಶ್ನೆಗೆ ಮರಳೋಣ. ನಟನಾಗುತ್ತೇನೆಂದ ಮಗುವನ್ನು ಗದರಿಸುವುದೂ ಬೇಡ, ಕುರುಡಾಗಿ ಹುರಿದುಂಬಿಸುವುದೂ ಬೇಡ. ಹೆಸರು ಬೇಕೋ ಕೆಲಸ ಬೇಕೋ ಎಂದು ಮೊದಲು ಕೇಳಿರಿ. ಹೆಸರಿಗಾಗಿ ಹಂಬಲಿಸುವವನು ಮೊದಲ ಸೋಲಿಗೇ ಕುಸಿಯುತ್ತಾನೆ. ಕೆಲಸವನ್ನು ಪ್ರೀತಿಸುವವನಾದರೋ ಪರದೆ ಎಳೆಯುವುದರಿಂದ ಆರಂಭಿಸಲೂ ನಾಚುವುದಿಲ್ಲ. ಬರುವ ಕ್ರಿಸ್ಮಸ್ ಹಬ್ಬದ ನಾಟಕದಲ್ಲಿ ನಿಮ್ಮ ಮಗುವಿಗೆ ರಾಜನ ಪಾತ್ರ ದೊರೆಯದೆ ಕುರಿಗಾಹಿಯ ಪಾತ್ರ ದೊರೆತರೆ ಬೇಸರಿಸಬೇಡಿರಿ. ಅದನ್ನು ಅವನು ಎಷ್ಟು ಶ್ರದ್ಧೆಯಿಂದ ಮಾಡುತ್ತಾನೆಂದು ನೋಡಿರಿ. ಕಳ್ಳನ ಪಾತ್ರವನ್ನು ಶ್ರದ್ಧೆಯಿಂದ ಮಾಡಿಯೇ ನಾಟಕರತ್ನನೆನಿಸಿದವರೊಬ್ಬರು ನಮ್ಮ ನಾಡಿನಲ್ಲಿ ಬಾಳಿ ಹೋಗಿದ್ದಾರೆ.