ಆಟಗಾರರ ತೂಕ ಬಲ್ಲ ಬ್ರ್ಯಾಂಚ್ ರಿಕಿ

ಮನುಷ್ಯನ ಯೋಗ್ಯತೆಯನ್ನು ತೂಗಿ ಬೆಲೆ ಕಟ್ಟುವುದು ಎಷ್ಟು ಕಠಿನವಾದ ಕೆಲಸವೆಂಬುದು ವರ್ಷವರ್ಷವೂ ಉತ್ತರಪತ್ರಿಕೆಗಳನ್ನು ತಿದ್ದುವ ನನ್ನಂಥ ಅಧ್ಯಾಪಕನಿಗೆ ತಿಳಿಯದ ಸಂಗತಿಯಲ್ಲ. ಹುಡುಗನು ಇಂದು ಬರೆದುದಕ್ಕೆ ಅಂಕ ಕೊಡಬಹುದು. ನಾಳೆ ಅವನು ಏನಾಗುವನೆಂಬುದಕ್ಕೆ ಅಂಕ ಕೊಡುವ ಬಗೆ ಹೇಗೆ? ಈ ಕೆಲಸವನ್ನೇ ವೃತ್ತಿಯಾಗಿ ಕೈಗೊಂಡು, ಸುಮಾರು ಅರ್ಧ ಶತಮಾನವನ್ನು ಅದರಲ್ಲಿಯೇ ಕಳೆದವನು ಅಮೆರಿಕದ ಬ್ರ್ಯಾಂಚ್ ರಿಕಿ. ಆತನು ಕವಿಯಲ್ಲ, ರಾಜನೀತಿಜ್ಞನೂ ಅಲ್ಲ. ಬೇಸ್‌ಬಾಲ್ ತಂಡಗಳನ್ನು ಕಟ್ಟಿ ನಡೆಸಿದವನು. ಆದರೂ ಆತನ ಬಾಳಿನಲ್ಲಿ ಸಾಹಿತ್ಯದ ವಿದ್ಯಾರ್ಥಿಯೂ ಮನನ ಮಾಡಬೇಕಾದ ಒಂದು ಪ್ರಶ್ನೆ ಅಡಗಿದೆ.

ಬೇಸ್‌ಬಾಲ್ ನಮ್ಮವರಿಗೆ ಅಷ್ಟಾಗಿ ಪರಿಚಿತವಲ್ಲ. ಅದನ್ನು ಕ್ರಿಕೆಟ್ಟಿನ ದಾಯಾದಿ ಎಂದು ತಿಳಿದರೆ ಸಾಕು. ಅಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎಂದು ಹೆಸರು. ಪಂದ್ಯವನ್ನು ಆರಂಭಿಸುವ ಪಿಚರನ ತೋಳಿಗೆ ವಿಶ್ರಾಂತಿ ಬೇಕಾದುದರಿಂದ ಅವನು ನಾಲ್ಕೈದು ದಿನಗಳಿಗೊಮ್ಮೆ ಮಾತ್ರ ಕಣಕ್ಕಿಳಿಯುತ್ತಾನೆ. ಇಳಿದ ದಿನ ಮಾತ್ರ ಪಂದ್ಯದ ಸೋಲುಗೆಲುವು ಬಹುಮಟ್ಟಿಗೆ ಅವನ ಕೈಯಲ್ಲಿ. ದಾಂಡಿಗನಾದರೋ ಪ್ರತಿದಿನವೂ ಆಡುತ್ತಾನೆ. ಆದರೆ ದಿನಕ್ಕೆ ನಾಲ್ಕೈದು ಸಲವಷ್ಟೇ ಅವನ ಸರದಿ. ತಂಡಗಳು ಆಟಗಾರರನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುವ ಪದ್ಧತಿ ಅಲ್ಲಿ ಹಿಂದಿನಿಂದಲೂ ಇದೆ. ಬೆಳೆಯುತ್ತಿರುವ ತರುಣ ದಾಂಡಿಗನನ್ನು ಕೊಟ್ಟು ನುರಿತ ಪಿಚರನನ್ನು ಪಡೆಯುವುದು ವಿವೇಕವೇ, ಅವಿವೇಕವೇ? ಬೇಸ್‌ಬಾಲ್ ಲೋಕದ ಈ ಹಳೆಯ ಒಗಟನ್ನು ರಿಕಿಯಷ್ಟು ಆಳವಾಗಿ ಯೋಚಿಸಿದವರು ವಿರಳ.

1881ರ ಡಿಸೆಂಬರ್ 20ರಂದು ಓಹಿಯೋ ರಾಜ್ಯದ ಒಂದು ಮೆಥಡಿಸ್ಟ್ ರೈತ ಕುಟುಂಬದಲ್ಲಿ ರಿಕಿಯ ಜನನವಾಯಿತು. ಮೊದಲು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದು, ಆಮೇಲೆ ಓಹಿಯೋ ವೆಸ್ಲಿಯನ್ ವಿಶ್ವವಿದ್ಯಾಲಯವನ್ನು ಸೇರಿ ಪದವೀಧರನಾದನು. ಭಾನುವಾರ ಆಡುವುದಿಲ್ಲವೆಂಬ ವ್ರತವನ್ನು ವೃತ್ತಿಪರ ಆಟಗಾರನಾದ ಮೇಲೂ ಬಿಡಲಿಲ್ಲ. ಆಟಗಾರನಾಗಿ ಆತನಿಗೆ ಕೀರ್ತಿ ಬರಲಿಲ್ಲ. 1907ರಲ್ಲಿ ನ್ಯೂಯಾರ್ಕ್ ತಂಡದ ಕ್ಯಾಚರನಾಗಿ ಆತನು ನಿಂತಿದ್ದ ಒಂದು ಪಂದ್ಯದಲ್ಲಿ ಎದುರಾಳಿಗಳು 13 ಸಲ ಬೇಸ್ ಕದ್ದು ಓಡಿದರು. 1909ರಲ್ಲಿ ಕ್ಷಯರೋಗ ತಗುಲಿತು. ಚೇತರಿಸಿಕೊಂಡ ಬಳಿಕ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ನ್ಯಾಯಶಾಸ್ತ್ರ ಓದಿ, ಅಲ್ಲಿಯೇ ವಿದ್ಯಾರ್ಥಿ ತಂಡದ ತರಬೇತುಗಾರನಾದನು. ತನಗೆ ದಕ್ಕದ ವಿದ್ಯೆಯನ್ನು ಇತರರಲ್ಲಿ ಗುರುತಿಸುವ ಕಣ್ಣು ಆತನಿಗೆ ದಕ್ಕಿತು.

ಆ ಕಣ್ಣಿಗೆ ಮೊದಲ ದೊಡ್ಡ ಪರೀಕ್ಷೆ ಜಾರ್ಜ್ ಸಿಸ್ಲರ್. ಮಿಷಿಗನ್ನಿನಲ್ಲಿ ಪಿಚರನಾಗಿ ಹೆಸರು ಮಾಡಿದ ಈ ಹುಡುಗ 1915ರಲ್ಲಿ ಸೇಂಟ್ ಲೂಯಿಸ್ ಬ್ರೌನ್ಸ್ ತಂಡಕ್ಕೆ ಬಂದಾಗ ಅಲ್ಲಿ ರಿಕಿಯೇ ಮ್ಯಾನೇಜರ್. ಅದೇ ವರ್ಷ ಸಿಸ್ಲರನು ಆ ಕಾಲದ ಮಹಾ ಪಿಚರನಾದ ವಾಲ್ಟರ್ ಜಾನ್ಸನ್ನನನ್ನೇ 2-1ರಿಂದ ಸೋಲಿಸಿದನು. ಆದರೆ ರಿಕಿ ಕಂಡದ್ದು ಆತನ ತೋಳನ್ನಲ್ಲ, ದಾಂಡನ್ನು. ನಾಲ್ಕು ದಿನಕ್ಕೊಮ್ಮೆ ಬೆಳಗುವ ದೀಪಕ್ಕಿಂತ ನಿತ್ಯವೂ ಉರಿಯುವ ದೀಪ ಮೇಲೆಂದು ಎಣಿಸಿ, ದಿನವೂ ಆಡುವ ಸ್ಥಾನದಲ್ಲಿ ಅವನನ್ನು ನಿಲ್ಲಿಸತೊಡಗಿದನು. 1920ರಲ್ಲಿ ಸಿಸ್ಲರನು ಒಂದೇ ಋತುವಿನಲ್ಲಿ 257 ಹಿಟ್‌ಗಳನ್ನು ಗಳಿಸಿದನು. 84 ವರ್ಷಗಳ ಕಾಲ ಆ ದಾಖಲೆಯನ್ನು ಮುರಿದವರಿಲ್ಲ. ಪಿಚರನನ್ನು ಕೊಟ್ಟು ದಾಂಡಿಗನನ್ನು ಪಡೆದ ಈ ವಿನಿಮಯ ನಡೆದದ್ದು ಒಬ್ಬನೇ ಮನುಷ್ಯನೊಳಗೆ ಎಂಬುದು ಸ್ವಾರಸ್ಯ.

ಮುಂದೆ ಸೇಂಟ್ ಲೂಯಿಸಿನ ಇನ್ನೊಂದು ತಂಡವಾದ ಕಾರ್ಡಿನಲ್ಸ್ ರಿಕಿಯ ಕರ್ಮಭೂಮಿಯಾಯಿತು. ಹಣವಿಲ್ಲದ ತಂಡ; ಸಿದ್ಧ ಆಟಗಾರರನ್ನು ಕೊಳ್ಳುವಂತಿರಲಿಲ್ಲ. ಆದುದರಿಂದ ಸಣ್ಣ ಊರುಗಳ ತಂಡಗಳನ್ನು ವಶಪಡಿಸಿಕೊಂಡು, ಅಲ್ಲಿ ಎಳೆಯರನ್ನು ನೂರುಗಟ್ಟಲೆ ಬೆಳೆಸುವ ಏರ್ಪಾಡನ್ನು ಆತನು ರೂಪಿಸಿದನು. ಸಸಿಮಡಿಯಲ್ಲಿ ಬೆಳೆದುದು ಹೆಚ್ಚಾದಾಗ ಮಾರುವುದೂ ಸುಲಭ. ಆಟಗಾರನನ್ನು ಒಂದು ವರ್ಷ ತಡವಾಗಿ ಕೊಡುವುದಕ್ಕಿಂತ ಒಂದು ವರ್ಷ ಮುಂಚಿತವಾಗಿ ಕೊಡುವುದೇ ಲೇಸೆಂಬುದು ಆತನ ಸೂತ್ರ.

ಈ ಸೂತ್ರದ ಫಲಾಫಲಗಳು 1941ರ ಡಿಸೆಂಬರಿನಲ್ಲಿ ಕಾಣುತ್ತವೆ. ಜಾನಿ ಮೈಜ್ ಆಗ 28 ವರ್ಷದ ಬಲಾಢ್ಯ ದಾಂಡಿಗ. ಹಿಂದಿನ ವರ್ಷ 43 ಹೋಮ್‌ರನ್ ಹೊಡೆದಿದ್ದವನು ಆ ವರ್ಷ 16ಕ್ಕೆ ಇಳಿದಿದ್ದನು. ರಿಕಿ ಅವನನ್ನು ನ್ಯೂಯಾರ್ಕ್ ಜಯಂಟ್ಸ್ ತಂಡಕ್ಕೆ ಕೊಟ್ಟು, ಬಿಲ್ ಲೋರ್ಮನ್ ಎಂಬ ಪಿಚರನನ್ನೂ ಬೇರೆ ಇಬ್ಬರನ್ನೂ 50,000 ಡಾಲರುಗಳನ್ನೂ ಪಡೆದನು. ಲೋರ್ಮನ್ ಕೆಲವೇ ಪಂದ್ಯಗಳನ್ನಾಡಿ, ಮರುವರ್ಷವೇ ಜಯಂಟ್ಸಿಗೆ ಹಿಂದಿರುಗಿ, ಅಲ್ಲಿ 13 ಪಂದ್ಯಗಳನ್ನು ಗೆದ್ದನು. ಮೈಜನು 1947ರಲ್ಲಿ 51 ಹೋಮ್‌ರನ್ ಹೊಡೆದನು. ಲೆಕ್ಕದ ಪುಸ್ತಕದಲ್ಲಿ ಇದು ನಷ್ಟವೇ ಸರಿ. ಆದರೆ 1942ರ ವಿಶ್ವ ಸರಣಿಯನ್ನು ಗೆದ್ದದ್ದು ಕಾರ್ಡಿನಲ್ಸ್! ತನ್ನ ಸಸಿಮಡಿಯಲ್ಲೇ ಬೆಳೆದ ಪಿಚರ್ ಮಾರ್ಟ್ ಕೂಪರ್ ಆ ವರ್ಷ 22 ಪಂದ್ಯ ಗೆದ್ದನು. ಭುಜಕ್ಕೆ ಪೆಟ್ಟಾಗಿ ಪಿಚರಿನ ಕೆಲಸ ಬಿಟ್ಟಿದ್ದ ಸ್ಟ್ಯಾನ್ ಮ್ಯೂಸಿಯಲ್ ದಾಂಡಿಗನಾಗಿ ಮೇಲೆದ್ದನು. ಕೊಟ್ಟದ್ದಕ್ಕೆ ಬಂದದ್ದು ಸಮವೇ ಎಂದು ನೋಡಿದರೆ ಸಾಲದು, ಮನೆಯಲ್ಲಿ ಉಳಿದಿರುವುದೇನೆಂದು ನೋಡಬೇಕು ಎಂಬ ಪಾಠ ಇಲ್ಲಿದೆ.

ವಯಸ್ಸಾದಂತೆ ರಿಕಿಗೆ ಕಣ್ಣಳತೆಯೊಂದೇ ಸಾಲದೆನಿಸಿತು. ಬ್ರೂಕ್ಲಿನ್ ಡಾಜರ್ಸ್ ತಂಡದಲ್ಲಿ ಆ್ಯಲನ್ ರಾತ್ ಎಂಬ ಅಂಕಿಅಂಶ ತಜ್ಞನನ್ನು ನೇಮಿಸಿಕೊಂಡನು. 1954ರಲ್ಲಿ ಲೈಫ್ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ತಂಡದ ದಾಂಡುಗಾರಿಕೆಯನ್ನೂ ಪಿಚರುಗಳ ಬಲವನ್ನೂ ಒಂದೇ ಸಮೀಕರಣದಲ್ಲಿ ತಂದು ನಿಲ್ಲಿಸಿದನು. ಹೇಗಾದರೂ ಬೇಸ್ ತಲಪುವ ತಾಳ್ಮೆಯೇ ದಾಂಡಿಗನ ನಿಜವಾದ ಗುಣವೆಂದು ಅಲ್ಲಿ ವಾದಿಸಿದನು. ಆಗ ನಕ್ಕವರಿದ್ದರು, ಹಲವು ದಶಕಗಳ ತರುವಾಯ ಎಲ್ಲ ತಂಡಗಳೂ ಅದೇ ದಾರಿ ಹಿಡಿದವು.

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರ ಅರ್ಧವಾದೀತು. ತಕ್ಕಡಿಯ ತಟ್ಟೆಯಲ್ಲಿ ಕುಳಿತವನ ಮಾತೇನು? ಅಂದಿನ ಕರಾರಿನ ಪ್ರಕಾರ ಆಟಗಾರನು ತಂಡದ ಸೊತ್ತು. ತನ್ನನ್ನು ಎಲ್ಲಿಗೆ ಕಳುಹಿಸುವರೆಂದು ಕೇಳುವ ಅಧಿಕಾರ ಅವನಿಗಿರಲಿಲ್ಲ. ಆ ಕಟ್ಟು ಸಡಿಲವಾದದ್ದು 1975ರಲ್ಲಿ. ಆಟಗಾರರ ಮಾರಾಟದ ಲಾಭದಲ್ಲಿ ರಿಕಿಗೂ ಪಾಲಿದ್ದಿತು.

ಆದರೂ ವರ್ಣಭೇದದ ಗೋಡೆಯನ್ನು ಕೆಡವಿದವನು ಇವನೇ. ಕಾಲೇಜಿನ ತರಬೇತುಗಾರನಾಗಿದ್ದಾಗ ಚಾರ್ಲ್ಸ್ ಥಾಮಸ್ ಎಂಬ ಕರಿಯ ಆಟಗಾರನಿಗೆ ಹೋಟೆಲಿನವರು ಕೊಠಡಿ ನಿರಾಕರಿಸಿದ ಪ್ರಸಂಗವನ್ನು ತಾನೆಂದೂ ಮರೆಯಲಿಲ್ಲವೆಂದು ರಿಕಿ ಹೇಳಿಕೊಂಡಿದ್ದಾನೆ. 1945ರ ಆಗಸ್ಟ್ 28ರಂದು ಜಾಕಿ ರಾಬಿನ್ಸನ್ನನನ್ನು ಎದುರಿಗೆ ಕೂರಿಸಿಕೊಂಡು ಆತನು ತೂಗಿದ್ದು ಆಟವನ್ನಲ್ಲ, ಅವಮಾನವನ್ನು ಸಹಿಸುವ ಆತ್ಮಬಲವನ್ನು. 1947ರ ಏಪ್ರಿಲ್ 15ರಂದು ರಾಬಿನ್ಸನ್ ಬ್ರೂಕ್ಲಿನ್ನಿನ ಪರವಾಗಿ ಆಡಿದಾಗ ಒಂದು ಯುಗವೇ ಬದಲಾಯಿತು. ಆದರೆ ರಾಬಿನ್ಸನ್ ಹಿಂದೆ ಆಡುತ್ತಿದ್ದ ಕರಿಯರ ತಂಡವಾದ ಕ್ಯಾನ್ಸಸ್ ಸಿಟಿ ಮೊನಾರ್ಕ್ಸಿಗೆ ರಿಕಿ ಒಂದು ಡಾಲರನ್ನೂ ಕೊಡಲಿಲ್ಲ. ಬಿಳಿಯರ ತಂಡದಿಂದ ಒಬ್ಬ ಸಾಧಾರಣ ಪಿಚರನನ್ನು ಪಡೆಯುವಾಗಲೂ ಬೆಲೆ ಕೊಟ್ಟವನು, ತನ್ನ ಬಾಳಿನ ಅತಿ ದೊಡ್ಡ ಆಟಗಾರನಿಗೆ ಪ್ರತಿಯಾಗಿ ಏನನ್ನೂ ಇಡಲಿಲ್ಲ. ಆತನನ್ನು ಮೆಚ್ಚುವ ನನಗೂ ಇದು ಮುಚ್ಚಿಡತಕ್ಕ ಮಾತೆಂದು ತೋರುವುದಿಲ್ಲ.

ಕೊನೆಗಾಲದಲ್ಲಿ ರಿಕಿ ಸಲಹೆಗಾರನಾಗಿ ಕಾರ್ಡಿನಲ್ಸಿಗೆ ಮರಳಿದ್ದನು. 1964ರ ಜೂನ್ 15ರಂದು ಷಿಕಾಗೋ ಕಬ್ಸ್ ತಂಡದವರು ಲೂ ಬ್ರಾಕ್ ಎಂಬ 24 ವರ್ಷದ ದಾಂಡಿಗನನ್ನು ಮುಖ್ಯವಾಗಿ ಕೊಟ್ಟು, ಹಿಂದಿನ ವರ್ಷ 18 ಪಂದ್ಯ ಗೆದ್ದಿದ್ದ ಅರ್ನಿ ಬ್ರಾಲಿಯೊ ಎಂಬ ಪಿಚರನನ್ನು ಪಡೆದರು. ಕಾರ್ಡಿನಲ್ಸಿನ ಪರವಾಗಿ ನಿರ್ಧಾರ ಮಾಡಿದವನು ರಿಕಿಯಲ್ಲ, ಬಿಂಗ್ ಡಿವೈನ್. ಪತ್ರಿಕೆಗಳು ಷಿಕಾಗೋ ಜಾಣತನ ತೋರಿತೆಂದವು. ಬ್ರಾಲಿಯೊ ಮೊಣಕೈ ನೋವಿನಿಂದ ಕುಗ್ಗಿ, ಅಲ್ಲಿ ಒಟ್ಟು 7 ಪಂದ್ಯ ಮಾತ್ರ ಗೆದ್ದನು. ಬ್ರಾಕನು ಆ ವರ್ಷವೇ ಕಾರ್ಡಿನಲ್ಸಿಗೆ ವಿಶ್ವ ಸರಣಿಯನ್ನು ಗೆಲ್ಲಿಸಲು ನೆರವಾಗಿ, ನಿವೃತ್ತನಾಗುವ ಹೊತ್ತಿಗೆ 938 ಬೇಸ್ ಕದ್ದಿದ್ದನು. ಕಂಡ ಗೆಲುವಿಗೆ ಕಾಣದ ಯೌವನವನ್ನು ಕೊಡುವವರು ಎದುರಿಸಬೇಕಾದ ಅಪಾಯವಿದು.

1965ರ ನವೆಂಬರಿನಲ್ಲಿ ಮಿಸೂರಿಯ ಕೊಲಂಬಿಯಾ ನಗರದ ಸಭೆಯೊಂದರಲ್ಲಿ ಭಾಷಣ ಮಾಡುತ್ತಿದ್ದಾಗಲೇ ರಿಕಿ ಕುಸಿದು ಬಿದ್ದನು. ಡಿಸೆಂಬರ್ 9ರಂದು ತೀರಿಕೊಂಡನು. ಆತನಿಗಿಂತ ಸೂಕ್ಷ್ಮವಾದ ಅಳತೆಗೋಲುಗಳು ಇಂದು ಬಂದಿವೆ. ಆದರೂ ಎಳೆಯನೊಬ್ಬನ ನಾಳೆಯನ್ನು ಇಂದೇ ತೂಗಿ ಕೊಟ್ಟುಬಿಡುವವನು, ಆ ಎಳೆಯನೂ ತನ್ನಂತೆಯೇ ಮನುಷ್ಯನೆಂಬುದನ್ನು ಲೆಕ್ಕಕ್ಕೆ ಸೇರಿಸಿದನೇ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ರಿಕಿ ಕೆಲವೊಮ್ಮೆ ಸೇರಿಸಿದನು, ಕೆಲವೊಮ್ಮೆ ಮರೆತನು. ತರಗತಿಯಲ್ಲಿ ಕುಳಿತ ಎಳೆಯರನ್ನು ದಿನವೂ ಅಳೆಯುವ ನಾವು ಆತನ ಬಾಳಿನ ಎರಡೂ ಮುಖಗಳನ್ನು ನೆನೆಯುವುದು ಒಳಿತು.